ಕಟ್ಟಡಗಳಲ್ಲಿ ಇಂಧನ ದಕ್ಷತೆ

ಕಟ್ಟಡಗಳಲ್ಲಿ ಇಂಧನ ದಕ್ಷತೆ ಎಂದರೆ, ಒಳಗೆ ವಾಸಿಸುವವರ ಅಥವಾ ಕೆಲಸ ಮಾಡುವವರ ಸೌಕರ್ಯಕ್ಕೆ ಕುಂದು ಬಾರದಂತೆ, ಕಟ್ಟಡವೊಂದನ್ನು ಕಟ್ಟಲು ಮತ್ತು ಬಳಸಲು ತಗಲುವ ಶಕ್ತಿಯನ್ನು ಆದಷ್ಟು ಕಡಿಮೆ ಮಾಡುವುದು. ಇಲ್ಲಿ ಇಂಧನ ಎಂಬ ಪದವು ಸೌದೆ, ಕಲ್ಲಿದ್ದಲು, ಅನಿಲಗಳ ಜೊತೆಗೆ ವಿದ್ಯುತ್ತನ್ನೂ ಒಳಗೊಳ್ಳುತ್ತದೆ. ಜಗತ್ತಿನಲ್ಲಿ ಅಂತಿಮವಾಗಿ ಬಳಕೆಯಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 30ರಷ್ಟು ಕಟ್ಟಡಗಳ ದೈನಂದಿನ ಬಳಕೆಗೇ ಸಲ್ಲುತ್ತದೆ. ಸಿಮೆಂಟು, ಉಕ್ಕು ಮೊದಲಾದ ಸಾಮಗ್ರಿಗಳ ತಯಾರಿಕೆಗೆ ತಗಲುವ ಶಕ್ತಿ ಇದಕ್ಕೆ ಹೊರತಾದದ್ದು. ವಾಸ್ತುಶಿಲ್ಪ, ಭೌತಶಾಸ್ತ್ರ ಮತ್ತು ಎಂಜಿನಿಯರಿಂಗ್‌ನ ಹಲವು ಶಾಖೆಗಳು ಕೂಡುವ ಈ ಸಂಶೋಧನಾ ಕ್ಷೇತ್ರಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆ ಗಮನಾರ್ಹವಾಗಿದೆ.

ಎರಡು ಬಗೆಯ ಶಕ್ತಿ

ಕಟ್ಟಡವು ಎರಡು ಹಂತಗಳಲ್ಲಿ ಶಕ್ತಿಯನ್ನು ಬಳಸುತ್ತದೆ.

ಅಂತರ್ಗತ ಶಕ್ತಿ: ಇಟ್ಟಿಗೆ ಸುಡಲು, ಸಿಮೆಂಟು ಮತ್ತು ಉಕ್ಕನ್ನು ತಯಾರಿಸಲು, ಅವುಗಳನ್ನು ಸಾಗಿಸಲು ಹಾಗೂ ಕಟ್ಟಲು ವ್ಯಯವಾಗುವ ಶಕ್ತಿ. ಗೃಹಪ್ರವೇಶದ ದಿನಕ್ಕೆ ಇದು ಪೂರ್ತಿಯಾಗಿ ಖರ್ಚಾಗಿ ಹೋಗಿರುತ್ತದೆ.

ಬಳಕೆಯ ಶಕ್ತಿ: ದೀಪ, ಫ್ಯಾನು, ಹವಾನಿಯಂತ್ರಣ, ನೀರು ಕಾಯಿಸುವುದು, ನೀರೆತ್ತುವುದು, ಲಿಫ್ಟು ಮುಂತಾದವುಗಳಿಗೆ ಕಟ್ಟಡದ ಆಯುಷ್ಯದುದ್ದಕ್ಕೂ ತಗಲುವ ಶಕ್ತಿ. ಪ್ರತಿ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದು ಇದರ ದೊಡ್ಡ ಭಾಗ.

ಹವಾನಿಯಂತ್ರಿತ ಕಚೇರಿಗಳಲ್ಲಿ ಸಾಮಾನ್ಯವಾಗಿ ಬಳಕೆಯ ಶಕ್ತಿಯ ಪಾಲು ಹೆಚ್ಚು. ಫ್ಯಾನು ಮತ್ತು ದೀಪಗಳಷ್ಟನ್ನೇ ಬಳಸುವ ಸಾಮಾನ್ಯ ಮನೆಗಳಲ್ಲಿ ಅಂತರ್ಗತ ಶಕ್ತಿಯ ಪಾಲು ಗಣನೀಯವಾಗಿರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕದೆ ಒಂದು ಕಟ್ಟಡವನ್ನು ದಕ್ಷವೆಂದು ನಿರ್ಣಯಿಸಲಾಗದು.

ಸಂಶೋಧನೆಯ ಹಿನ್ನೆಲೆ

1973ರ ತೈಲ ಬಿಕ್ಕಟ್ಟಿನ ನಂತರ ಈ ವಿಷಯದ ಅಧ್ಯಯನ ಚುರುಕುಗೊಂಡಿತು. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ಆರ್ಥರ್ ರೋಸೆನ್‌ಫೆಲ್ಡ್ ಅವರ ನೇತೃತ್ವದಲ್ಲಿ, ಶಾಖವನ್ನು ತಡೆಯುವ ಲೇಪನವುಳ್ಳ ಕಿಟಕಿ ಗಾಜು, ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕ್ ಹಾಗೂ ಕಟ್ಟಡದ ಶಕ್ತಿ ಬಳಕೆಯನ್ನು ಮೊದಲೇ ಅಂದಾಜಿಸುವ ತಂತ್ರಾಂಶಗಳ ಕುರಿತು ಸಂಶೋಧನೆ ನಡೆಯಿತು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಮತ್ತು ಸ್ವೀಡನ್ನಿನ ಬೊ ಆಡಮ್ಸನ್ ಅವರ ಚಿಂತನೆಯಂತೆ ಕಟ್ಟಿದ ಮನೆಗಳು 1991ರಲ್ಲಿ ವಾಸಕ್ಕೆ ಸಿದ್ಧವಾದವು. ಇವುಗಳಿಂದ ಬೆಳೆದ 'ಪ್ಯಾಸಿವ್ ಹೌಸ್' ಮಾನದಂಡದ ಪ್ರಕಾರ, ಮನೆಯನ್ನು ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ 15 ಕಿಲೋವ್ಯಾಟ್-ಗಂಟೆಗಿಂತ ಹೆಚ್ಚು ಶಾಖ ಬೇಕಾಗಬಾರದು.

ಚಳಿಯ ದೇಶಗಳ ಮುಖ್ಯ ಸಮಸ್ಯೆ ಒಳಗಿನ ಶಾಖ ಹೊರಹೋಗದಂತೆ ಕಾಯುವುದು. ಭಾರತದ ಬಹುಭಾಗದಲ್ಲಿ ಸಮಸ್ಯೆ ತಿರುಗುಮುರುಗು: ಹೊರಗಿನ ಶಾಖ ಒಳಬಾರದಂತೆ ತಡೆಯಬೇಕು. ಹೀಗಾಗಿ ಅಲ್ಲಿನ ಪರಿಹಾರಗಳನ್ನು ಇದ್ದಂತೆಯೇ ಇಲ್ಲಿಗೆ ಅನ್ವಯಿಸಲು ಬರುವುದಿಲ್ಲ.

ಬೆಂಗಳೂರಿನ 'ಅಸ್ತ್ರ' ಮತ್ತು ಮಣ್ಣಿನ ಇಟ್ಟಿಗೆ

ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವ ಉದ್ದೇಶದಿಂದ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಒಂದು ಕೇಂದ್ರ ಆರಂಭವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ 'ಅಸ್ತ್ರ' ಎಂಬ ಹೆಸರಾಯಿತು. ಈಗ ಅದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ. ಕಡಿಮೆ ಸೌದೆಯಲ್ಲಿ ಉರಿಯುವ 'ಅಸ್ತ್ರ ಒಲೆ' ಇಲ್ಲಿಯದೇ. ಕಟ್ಟಡಗಳ ವಿಷಯದಲ್ಲಿ ಪ್ರೊ. ಕೆ. ಎಸ್. ಜಗದೀಶ್, ಪ್ರೊ. ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಸಂಗಡಿಗರು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯ ತಂತ್ರಜ್ಞಾನವನ್ನು ಬೆಳೆಸಿದರು.

ಮರಳಿನ ಅಂಶ ಸಾಕಷ್ಟಿರುವ ಮಣ್ಣಿಗೆ ಶೇಕಡಾ 6ರಿಂದ 8ರಷ್ಟು ಸಿಮೆಂಟನ್ನು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿದಾಗ ಈ ಇಟ್ಟಿಗೆ ಸಿದ್ಧವಾಗುತ್ತದೆ. ಇದನ್ನು ಗೂಡಿನಲ್ಲಿ ಸುಡುವುದಿಲ್ಲ. ಕೆಲವು ವಾರ ನೀರು ಹಾಯಿಸಿ ಗಟ್ಟಿಯಾಗಿಸುತ್ತಾರೆ. ಸುಡುವ ಕೆಲಸವೇ ಇಲ್ಲದಿರುವುದು ಶಕ್ತಿಯ ಉಳಿತಾಯಕ್ಕೆ ಮುಖ್ಯ ಕಾರಣ. ಕಪ್ಪು ಎರೆಮಣ್ಣು ಒದ್ದೆಯಾದಾಗ ಹಿಗ್ಗಿ ಒಣಗಿದಾಗ ಬಿರಿಯುವುದರಿಂದ ಅದನ್ನು ಹಾಗೆಯೇ ಬಳಸಲಾಗದು. ಮರಳು, ಸುಣ್ಣ ಸೇರಿಸಿ ಹದಗೊಳಿಸಬೇಕಾಗುತ್ತದೆ.

ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನವು ಭಾರತದಲ್ಲಿ ಬಳಸುವ ಕಟ್ಟಡ ಸಾಮಗ್ರಿಗಳ ಅಂತರ್ಗತ ಶಕ್ತಿಯನ್ನು ಲೆಕ್ಕ ಹಾಕಿತು. ಅದರ ಪ್ರಕಾರ ಒಂದು ಕಿಲೋಗ್ರಾಂ ಸಿಮೆಂಟಿಗೆ 5.85, ಗಾಜಿಗೆ 25.8, ಉಕ್ಕಿಗೆ 42 ಹಾಗೂ ಅಲ್ಯೂಮಿನಿಯಂಗೆ 236.8 ಮೆಗಾಜೂಲ್ ಶಕ್ತಿ ತಗಲುತ್ತದೆ. ಇಡೀ ಕಟ್ಟಡಗಳನ್ನು ಹೋಲಿಸಿದಾಗ ಪ್ರತಿ ಚದರ ಮೀಟರಿಗೆ ಕಂಡುಬಂದ ಪ್ರಮಾಣಗಳು ಹೀಗಿವೆ:

• ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡ: 4.21 ಗಿಗಾಜೂಲ್
• ಸುಟ್ಟ ಇಟ್ಟಿಗೆಯ ಭಾರ ಹೊರುವ ಗೋಡೆಗಳುಳ್ಳ ಎರಡು ಅಂತಸ್ತಿನ ಕಟ್ಟಡ: 2.92 ಗಿಗಾಜೂಲ್
• ಮಣ್ಣು-ಸಿಮೆಂಟಿನ ಇಟ್ಟಿಗೆ ಮತ್ತು ಪರ್ಯಾಯ ವಿಧಾನದ ಛಾವಣಿಯುಳ್ಳ ಎರಡು ಅಂತಸ್ತಿನ ಕಟ್ಟಡ: 1.61 ಗಿಗಾಜೂಲ್

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ 1.31 ಗಿಗಾಜೂಲ್. 100 ಚದರ ಮೀಟರಿನ ಮನೆಗೆ ಇದು 131 ಗಿಗಾಜೂಲ್, ಅಂದರೆ ಸುಮಾರು 36,400 ಯೂನಿಟ್ ಆಗುತ್ತದೆ. ತಿಂಗಳಿಗೆ 100 ಯೂನಿಟ್ ವಿದ್ಯುತ್ ಬಳಸುವ ಕುಟುಂಬವೊಂದು ಇಷ್ಟನ್ನು ಬಳಸಲು ಸುಮಾರು 30 ವರ್ಷ ಬೇಕು. ಅಂತರ್ಗತ ಶಕ್ತಿಯ ಬಹುಭಾಗ ಗೂಡು, ಕುಲುಮೆಗಳಲ್ಲಿ ಉರಿಸಿದ ಇಂಧನದ ಶಾಖವಾದ್ದರಿಂದ ಅದು ವಿದ್ಯುತ್ತಿಗೆ ನೇರವಾಗಿ ಸಮನಲ್ಲ; ಪ್ರಮಾಣದ ಕಲ್ಪನೆ ಬರಲೆಂದು ಮಾತ್ರ ಈ ಹೋಲಿಕೆ.

ಹವಾಮಾನಕ್ಕೆ ತಕ್ಕ ವಿನ್ಯಾಸ

ಭಾರತದ ಸಂಹಿತೆಗಳು ದೇಶವನ್ನು ಬಿಸಿ-ಒಣ, ಬೆಚ್ಚನೆಯ-ಆರ್ದ್ರ, ಮಿಶ್ರ, ಸಮಶೀತೋಷ್ಣ ಮತ್ತು ಶೀತ ಎಂಬ ಐದು ಹವಾಮಾನ ವಲಯಗಳಾಗಿ ವಿಂಗಡಿಸಿವೆ. ಬೆಂಗಳೂರು ಸಮಶೀತೋಷ್ಣ ವಲಯಕ್ಕೂ ಮಂಗಳೂರು ಬೆಚ್ಚನೆಯ-ಆರ್ದ್ರ ವಲಯಕ್ಕೂ ಸೇರುತ್ತವೆ.

ಹಗಲಿನ ಮತ್ತು ರಾತ್ರಿಯ ಉಷ್ಣತೆಗಳ ನಡುವೆ ಹೆಚ್ಚು ಅಂತರವಿರುವ ಒಣ ಸೀಮೆಯಲ್ಲಿ ದಪ್ಪ ಗೋಡೆಗಳು ಉಪಯುಕ್ತ. ಅವು ಹಗಲಿನ ಶಾಖವನ್ನು ಹೀರಿಕೊಂಡು ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತವೆ. ಉತ್ತರ ಕರ್ನಾಟಕದ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳು ಬೇಸಿಗೆಯ ಮಧ್ಯಾಹ್ನದಲ್ಲೂ ತಂಪಾಗಿರುವುದಕ್ಕೆ ಇದೇ ಕಾರಣ. ಕರಾವಳಿಯಲ್ಲಿ ರಾತ್ರಿಯೂ ಸೆಕೆ ಇಳಿಯದು; ಅಲ್ಲಿ ಗಾಳಿಯ ಹರಿವೇ ಮುಖ್ಯ. ಇಳಿಜಾರಾದ ಹೆಂಚಿನ ಮಾಡು, ಉದ್ದನೆಯ ಸೂರು, ಎದುರುಬದುರು ಕಿಟಕಿಗಳು ಅಲ್ಲಿಗೆ ಒಪ್ಪುತ್ತವೆ.

ಎಲ್ಲ ವಲಯಗಳಲ್ಲೂ ದಿಕ್ಕು ಮುಖ್ಯವಾದದ್ದು. ಬೆಳಿಗ್ಗೆ ಮತ್ತು ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಪೂರ್ವ, ಪಶ್ಚಿಮದ ಕಿಟಕಿಗಳಿಗೆ ಸಜ್ಜಾ ಮಾತ್ರವೇ ನೆರಳು ನೀಡಲಾರದು. ಆದ್ದರಿಂದ ಕಟ್ಟಡದ ಉದ್ದನೆಯ ಬದಿಗಳನ್ನು ಉತ್ತರ ಮತ್ತು ದಕ್ಷಿಣಕ್ಕೆ ಇಡುವುದು ಒಳಿತು. ಕಿಟಕಿಯ ಒಳಗಿನ ಪರದೆಗಿಂತ ಹೊರಗಿನ ನೆರಳು ಹೆಚ್ಚು ಪರಿಣಾಮಕಾರಿ. ಬಿಸಿಲು ಒಮ್ಮೆ ಗಾಜನ್ನು ದಾಟಿದರೆ ಅದರ ಹೆಚ್ಚಿನ ಶಾಖ ಒಳಗೇ ಉಳಿಯುತ್ತದೆ. ನೆರಳಿಲ್ಲದ ಗಾಜಿನ ಹೊರಮೈಯುಳ್ಳ ಕಟ್ಟಡಗಳು ಎರಡು ಬಗೆಯಲ್ಲೂ ದುಬಾರಿ: ಗಾಜು ಮತ್ತು ಅಲ್ಯೂಮಿನಿಯಂ ತಯಾರಿಕೆಗೆ ಹೆಚ್ಚು ಶಕ್ತಿ ಬೇಕು, ಮುಂದೆ ತಂಪು ಮಾಡುವುದಕ್ಕೂ ಹೆಚ್ಚು ಶಕ್ತಿ ಬೇಕು.

ಉಪಕರಣಗಳು

ವಿನ್ಯಾಸದ ನಂತರ ಉಪಕರಣಗಳ ಸರದಿ. ಸಾಮಾನ್ಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ, ಬಿಎಲ್‌ಡಿಸಿ ಮೋಟಾರಿನ ಫ್ಯಾನು ಅದರ ಅರ್ಧಕ್ಕಿಂತ ಕಡಿಮೆ ಬಳಸುತ್ತದೆ. ಕರ್ನಾಟಕದ ನಗರಗಳಲ್ಲಿ ಮನೆಗಳ ಮೇಲೆ ಕಾಣುವ ಸೌರ ನೀರು ಕಾಯಿಸುವ ಸಾಧನವು, ಬೆಳಗಿನ ಹೊತ್ತು ಗೀಸರುಗಳಿಂದ ವಿದ್ಯುತ್ ಜಾಲದ ಮೇಲೆ ಬೀಳುವ ಹೊರೆಯನ್ನು ತಗ್ಗಿಸುತ್ತದೆ.

ದೊಡ್ಡ ಕಚೇರಿಗಳ ಬಗ್ಗೆ ಇನ್ಫೋಸಿಸ್ ಸಂಸ್ಥೆಯ ಹೈದರಾಬಾದ್ ಆವರಣದಲ್ಲಿ ನಡೆದ ಪ್ರಯೋಗ ಪ್ರಸಿದ್ಧವಾಗಿದೆ. 2011ರಲ್ಲಿ ಬಳಕೆಗೆ ಬಂದ ಕಟ್ಟಡದ ಸರಿಸಮಾನವಾದ ಎರಡು ಭಾಗಗಳಲ್ಲಿ ಒಂದಕ್ಕೆ ದಕ್ಷವಾದ ಸಾಮಾನ್ಯ ಹವಾನಿಯಂತ್ರಣವನ್ನೂ, ಇನ್ನೊಂದಕ್ಕೆ ಛಾವಣಿಯ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವಿಕಿರಣ ತಂಪು ವ್ಯವಸ್ಥೆಯನ್ನೂ ಅಳವಡಿಸಲಾಯಿತು. ಎರಡು ವರ್ಷಗಳ ಅಳತೆಯಲ್ಲಿ ಎರಡನೆಯದು ತಂಪು ಮಾಡಲು ಸುಮಾರು ಶೇಕಡಾ 34ರಷ್ಟು ಕಡಿಮೆ ಶಕ್ತಿ ಬಳಸಿತು.

ಕಾನೂನು ಮತ್ತು ಸಂಹಿತೆಗಳು

• 2001: ಇಂಧನ ಸಂರಕ್ಷಣಾ ಕಾಯ್ದೆ. ಇದರಡಿ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು.
• 2007: ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ; 2017ರಲ್ಲಿ ಪರಿಷ್ಕರಣೆ.
• 2018: ವಸತಿ ಕಟ್ಟಡಗಳಿಗಾಗಿ 'ಇಕೋ ನಿವಾಸ ಸಂಹಿತೆ'. ಶೀತ ವಲಯವನ್ನು ಬಿಟ್ಟು ಉಳಿದೆಡೆ, ಛಾವಣಿಯ ಹೊರತಾದ ಹೊರಮೈಯಿಂದ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎಂದು ಇದು ಹೇಳುತ್ತದೆ.
• 2022: ಕಾಯ್ದೆಯ ತಿದ್ದುಪಡಿಯಿಂದ ದೊಡ್ಡ ವಸತಿ ಕಟ್ಟಡಗಳನ್ನೂ ಸಂಹಿತೆಯ ವ್ಯಾಪ್ತಿಗೆ ತರಲು ಅವಕಾಶ.

ಮಿತಿಗಳು

ಕಟ್ಟಡ ನಿಯಮಗಳು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಮೂಲಕ ಜಾರಿಯಾಗಬೇಕಾದ್ದರಿಂದ ಸಂಹಿತೆಗಳ ಪಾಲನೆ ಎಲ್ಲೆಡೆ ಒಂದೇ ಸಮನಾಗಿಲ್ಲ. ಈ ಸಂಹಿತೆಗಳ ಗಮನ ಹೆಚ್ಚಾಗಿ ಬಳಕೆಯ ಶಕ್ತಿಯ ಮೇಲಿದ್ದು, ಅಂತರ್ಗತ ಶಕ್ತಿಗೆ ದೊರೆತ ಮಹತ್ವ ಕಡಿಮೆ. ಮಣ್ಣಿನ ಇಟ್ಟಿಗೆಗೆ ಮಣ್ಣಿನ ಪರೀಕ್ಷೆ ಮತ್ತು ಪಳಗಿದ ಕೈಗಳು ಬೇಕು. ಎತ್ತರದ ಕಟ್ಟಡಗಳ ಭಾರವನ್ನು ಅದು ಹೊರಲಾರದು. ಬಾಡಿಗೆ ಮನೆಗಳಲ್ಲಿ ಕಟ್ಟಿಸುವವರು ಒಬ್ಬರು, ವಿದ್ಯುತ್ ಬಿಲ್ಲು ಕಟ್ಟುವವರು ಇನ್ನೊಬ್ಬರಾದ್ದರಿಂದ ಉಳಿತಾಯಕ್ಕಾಗಿ ಹಣ ಹೂಡುವ ಉತ್ಸಾಹ ಮಾಲೀಕರಲ್ಲಿ ಕಡಿಮೆ.

ಹಳೆಯ ಬಲ್ಬನ್ನೋ ಫ್ಯಾನನ್ನೋ ಯಾವಾಗ ಬೇಕಾದರೂ ಬದಲಿಸಬಹುದು. ಗೋಡೆಯ ಸಾಮಗ್ರಿ, ಕಿಟಕಿಯ ದಿಕ್ಕು, ಛಾವಣಿಯ ಬಗೆಗಳನ್ನು ಹಾಗೆ ಬದಲಿಸಲಾಗದು. ಅಲ್ಲಿ ಆದ ತಪ್ಪು ಕಟ್ಟಡ ನಿಂತಿರುವಷ್ಟು ಕಾಲವೂ ಉಳಿಯುತ್ತದೆ. ಆದ್ದರಿಂದ ಇಂಧನ ದಕ್ಷತೆಯ ಮುಖ್ಯ ನಿರ್ಧಾರಗಳನ್ನು ಅಡಿಪಾಯ ಹಾಕುವ ಮುನ್ನ, ನಕ್ಷೆಯ ಹಂತದಲ್ಲಿಯೇ ಕೈಗೊಳ್ಳಬೇಕಾಗುತ್ತದೆ.