ಸೊನ್ನೆ ಮೈಲಿಯ ಕಡೆಗೆ ಒಂದು ಓಟ

ಗೋಕಾಕ ಕಡೆಯ ಹಳ್ಳಿಯಿಂದ ಬಂದು ಫೋರ್ಟಿನ ಆಫೀಸೊಂದರಲ್ಲಿ ನಾನು ಗುಮಾಸ್ತನಾಗಿ ಸೇರಿದ್ದು 1986ರಲ್ಲಿ. ವಿಟಿ ಸ್ಟೇಷನ್ನಿನಲ್ಲಿ ಇಳಿದು (ಹೆಸರು ಎರಡು ಸಲ ಬದಲಾದರೂ ನಮ್ಮಂಥವರ ಬಾಯಲ್ಲಿ ಅದು ಈಗಲೂ ವಿಟಿಯೇ) ಹಾರ್ನಿಮನ್ ಸರ್ಕಲ್ ತಲುಪಲು ನಡೆದರೆ ಹನ್ನೆರಡು ನಿಮಿಷ, ಓಡಿದರೆ ಏಳು. ಮಸ್ಟರಿನಲ್ಲಿ ಕೆಂಪು ಗೆರೆ ಬೀಳುವ ಮುಂಚೆ ಸಹಿ ಹಾಕಬೇಕಿತ್ತಲ್ಲ, ಹಾಗಾಗಿ ಹೆಚ್ಚಿನ ದಿನ ಏಳೇ ನಿಮಿಷ! ನನ್ನ ಓಟದ ಅಭ್ಯಾಸ ಶುರುವಾದದ್ದು ಹೀಗೆ, ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದುಕೊಂಡು.

ಆ ದಾರಿಯಲ್ಲಿ ದಿನವೂ ಒಂದು ಹಳೆಯ ಇಗರ್ಜಿ ಕಾಣುತ್ತಿತ್ತು. ಸೇಂಟ್ ಥಾಮಸ್ ಕೆಥೆಡ್ರಲ್. ಇಪ್ಪತ್ತು ವರ್ಷ ಅದರ ಮುಂದೆ ಓಡಾಡಿದರೂ ಅದು ಮುಂಬಯಿಯ ‘ಸೊನ್ನೆ’ ಅಂತ ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಬ್ರಿಟಿಷರು ಈ ದ್ವೀಪದ ದಾರಿಗಳಿಗೆ ಮೈಲಿಗಲ್ಲು ನೆಟ್ಟಾಗ ಅಳತೆ ಶುರು ಮಾಡಿದ್ದು ಇದೇ ಇಗರ್ಜಿಯಿಂದ. ಕಪ್ಪು ಕಲ್ಲಿನ ಮೇಲೆ ರೋಮನ್ ಅಂಕಿ, ಕೆಳಗೆ ‘ಸೇಂಟ್ ಥಾಮಸ್ ಇಗರ್ಜಿಯಿಂದ ಇಷ್ಟು ಮೈಲಿ’ ಎಂಬ ಒಕ್ಕಣೆ. ಕಾಲಬಾದೇವಿಯಿಂದ ದಾದರ್ ಕಡೆಯವರೆಗೆ ಇಂಥ ಕಲ್ಲುಗಳು ಹರಡಿಕೊಂಡಿವೆ. ರಸ್ತೆ ಎತ್ತರವಾದಂತೆ ಎಷ್ಟೋ ಕಲ್ಲುಗಳು ಫುಟ್‌ಪಾತಿನೊಳಗೆ ಹೂತುಹೋಗಿದ್ದವು. ಈಚಿನ ವರ್ಷಗಳಲ್ಲಿ ಮಹಾನಗರಪಾಲಿಕೆ ಕೆಲವನ್ನು ಅಗೆದು ತೆಗೆದು ನಿಲ್ಲಿಸಿದೆ.

ಇಗರ್ಜಿಯ ಕಥೆಯೂ ಮಜವಾಗಿದೆ. ಗವರ್ನರ್ ಜೆರಾಲ್ಡ್ ಆಂಜಿಯರ್ 1670ರ ದಶಕದಲ್ಲಿ ಕೆಲಸ ಶುರು ಮಾಡಿಸಿದ. ಆಮೇಲೆ ಅದು ದಶಕಗಟ್ಟಲೆ ಅರ್ಧಕ್ಕೇ ನಿಂತಿತು. ಬಾಗಿಲು ತೆರೆದದ್ದು 1718ರ ಕ್ರಿಸ್‌ಮಸ್ ದಿನ. ಭರದಿಂದ ಶುರುಮಾಡಿ ನಡುದಾರಿಯಲ್ಲಿ ಕೂತುಬಿಡುವುದು... ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ಯಾಕೆ ಅಂತ ಹೇಳುತ್ತೇನೆ.

ಮುಂಬಯಿ ಮ್ಯಾರಥಾನ್ ಮೊದಲ ಸಲ ನಡೆದದ್ದು 2004ರ ಫೆಬ್ರವರಿಯಲ್ಲಿ. ಆಫೀಸಿನವರೆಲ್ಲ ಸೇರಿ ‘ಡ್ರೀಮ್ ರನ್’ಗೆ ಹೋದೆವು. ಆರೇಳು ಕಿಲೋಮೀಟರ್ ದೂರ. ಅರ್ಧ ಓಟ, ಅರ್ಧ ಹರಟೆ, ಕೊನೆಗೆ ಇಡ್ಲಿ-ಚಹಾ. ನನ್ನ ಮಟ್ಟಿಗೆ ಮಾತ್ರ ಅದು ತಮಾಷೆ ಆಗಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ನನ್ನ ಹಳೆಯ ರೂಮ್‌ಮೇಟ್ ತೀರಿಕೊಂಡಿದ್ದ. ಹಗಲು ಫೋರ್ಟಿನಲ್ಲಿ ನೌಕರಿ, ಸಂಜೆ ಕಾಲೇಜು, ಭಾನುವಾರ ಇನ್ನೊಂದು ಅಂಗಡಿಯ ಲೆಕ್ಕ ಬರೆಯುವುದು. ‘ಐದು ವರ್ಷ ಹೀಗೆ ಓಡಿಬಿಡ್ತೀನಿ ಮಾರಾಯ, ಆಮೇಲೆ ಊರಿಗೆ’ ಅನ್ನುತ್ತಿದ್ದ. ಐದು ವರ್ಷ ಹದಿನೇಳಾಯಿತು, ವೇಗ ಮಾತ್ರ ಅದೇ. ಒಂದು ಬೆಳಿಗ್ಗೆ ಹೃದಯ ನಿಂತುಹೋಯಿತು. ಆಗ ಅವನಿಗೆ ನಲವತ್ತೆರಡು.

ಹಾಗೆ ನಾನು ಓಡುತ್ತಾ ಬಂದೆ. 2018ರಲ್ಲಿ ಮುಂಬಯಿಯ ಓಟಕ್ಕೆ ಹತ್ತು ಕಿಲೋಮೀಟರ್ ಸ್ಪರ್ಧೆಯೂ ಸೇರಿತು, ನಾನೂ ಸೇರಿದೆ. ಎಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುವುದು ರೂಢಿಯಾಯಿತು. ಅಂದರೆ ಕಿಲೋಮೀಟರಿಗೆ ಏಳು ನಿಮಿಷ. ಇದರ ಎರಡರಷ್ಟು ತಾನೇ, ಆದೀತು ಬಿಡು ಅಂದುಕೊಂಡು 2024ರ ಜನವರಿಯಲ್ಲಿ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟೆ. ಮಾಹಿಮ್‌ನಿಂದ ಬೆಳಗಿನ ಕತ್ತಲಲ್ಲಿ ಹೊರಟವನು ಮೊದಲ ಹತ್ತು ಕಿಲೋಮೀಟರನ್ನು 71 ನಿಮಿಷದಲ್ಲಿ ಮುಗಿಸಿ ಬೀಗಿದೆ. ಆಮೇಲೆ ಪೆಡ್ಡರ್ ರೋಡಿನ ಏರು ಬಂತು ನೋಡಿ! ಕಾಲು ಸೀಸದ ಹಾಗೆ ಭಾರ. ಮರೀನ್ ಡ್ರೈವಿನಲ್ಲಿ ಬಿಸಿಲು ಬೇರೆ. ಉಳಿದದ್ದನ್ನು ಹೆಚ್ಚುಕಡಿಮೆ ನಡೆದೇ ಮುಗಿಸಿದೆ. ಒಟ್ಟು 2 ಗಂಟೆ 58 ನಿಮಿಷ.

ಮನೆಗೆ ಬಂದು ಕೂತು ಯೋಚಿಸಿದೆ. ಎಲ್ಲಿ ಲೆಕ್ಕ ತಪ್ಪಿತು?

ಮೊದಲು ದೂರದ ಇತಿಹಾಸ ನೋಡೋಣ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಸುಮಾರು 40 ಕಿಲೋಮೀಟರ್ ಇತ್ತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ವೈಟ್ ಸಿಟಿ ಕ್ರೀಡಾಂಗಣದಲ್ಲಿ ಮುಗಿಸಬೇಕಾಗಿ ಬಂದಾಗ ಅದು 26 ಮೈಲಿ 385 ಗಜ ಆಯಿತು. 1921ರಲ್ಲಿ ಅದನ್ನೇ, ಅಂದರೆ 42.195 ಕಿಲೋಮೀಟರನ್ನು, ಜಗತ್ತಿಗೆಲ್ಲ ಖಾಯಂ ಮಾಡಿದರು. ನಾವು ಓಡುವ 21.0975 ಕಿಲೋಮೀಟರ್ ಇದರ ಅರ್ಧ. ಹೆಸರಲ್ಲಿ ‘ಹಾಫ್’ ಇರುವುದರಿಂದ ಹಗುರ ಅನ್ನಿಸುತ್ತದೆ, ಆದರೆ ಹತ್ತರಿಂದ ಬಂದವನಿಗೆ ಅದು ಎರಡು ಪಟ್ಟಿಗಿಂತ ಹೆಚ್ಚು.

ಎರಡನೆಯದು ವೇಗ. ಅಮೆರಿಕದ ಪೀಟರ್ ರೀಗಲ್ ಎಂಬ ಎಂಜಿನಿಯರ್ 1977ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಎಷ್ಟು ಹೆಚ್ಚು ಎಂಬುದನ್ನು ಅಂದಾಜು ಮಾಡಬಹುದು ಎಂಬುದು ಅದರ ಸಾರ. ಹತ್ತು ಕಿಲೋಮೀಟರನ್ನು 70 ನಿಮಿಷದಲ್ಲಿ ಓಡುವವನಿಗೆ ಅದು ಹಾಫ್ ಮ್ಯಾರಥಾನಿನಲ್ಲಿ ಕೊಡುವ ಲೆಕ್ಕ ಸುಮಾರು 2 ಗಂಟೆ 34 ನಿಮಿಷ, ಕಿಲೋಮೀಟರಿಗೆ 7 ನಿಮಿಷ 19 ಸೆಕೆಂಡ್. ನಾನು ಹಿಡಿದ ವೇಗಕ್ಕೂ ಇದಕ್ಕೂ ಹೆಚ್ಚೆಂದರೆ ಇಪ್ಪತ್ತು ಸೆಕೆಂಡಿನ ಅಂತರ. ಅಷ್ಟಕ್ಕೇ ಇಷ್ಟು ಪಾಡೇ? ಹೌದು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ಒಂದು ಮಿತಿಯ ಗಂಟು. ವೇಗ ಹೆಚ್ಚಿದಷ್ಟೂ ಬೇಗ ಕರಗುತ್ತದೆ. ಒಂದು ಗಂಟೆಯ ಓಟದಲ್ಲಿ ಈ ದುಂದು ಗೊತ್ತಾಗುವುದಿಲ್ಲ. ಎರಡೂವರೆ ಗಂಟೆಯ ಓಟದಲ್ಲಿ ಸಾಲಗಾರ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಈ ಹುಡುಕಾಟದಲ್ಲೇ ನಮ್ಮ ಕಡೆಯ ಒಬ್ಬ ಓಟಗಾರ ಸಿಕ್ಕ. ಫಡೆಪ್ಪ ದರೆಪ್ಪ ಚೌಗುಲೆ, ಬೆಳಗಾವಿ ಕಡೆಯವನು. ಆಗ ಬೆಳಗಾವಿ ಮುಂಬಯಿ ಪ್ರಾಂತಕ್ಕೇ ಸೇರಿತ್ತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟ ನಡೆಯಿತು. ಅದರ ಅಧ್ಯಕ್ಷ ದೊರಾಬ್ಜಿ ಟಾಟಾ. ಬರಿಗಾಲಲ್ಲಿ ಓಡಿದ ರೈತರ ಮಕ್ಕಳ ವೇಗ ಕಂಡು ಆತ ಬೆರಗಾದ. ಮರುವರ್ಷದ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಸಣ್ಣದೊಂದು ತಂಡವನ್ನು ಕಳಿಸುವುದಕ್ಕೆ ಮುಂದಾಗಿ ತನ್ನ ಜೇಬಿನಿಂದಲೂ ಹಣ ಹಾಕಿದ. ಆ ತಂಡದಲ್ಲಿ ಚೌಗುಲೆ ಇದ್ದ. 1920ರ ಆಗಸ್ಟ್ 22ರಂದು ನಡೆದ ಆ ಮ್ಯಾರಥಾನಿನ ದೂರ 42.75 ಕಿಲೋಮೀಟರ್, ಒಲಿಂಪಿಕ್ಸಿನಲ್ಲೇ ಅತಿ ಉದ್ದದ್ದು. ಗೆದ್ದವನು ಫಿನ್ಲೆಂಡಿನ ಹಾನೆಸ್ ಕೊಲೆಹ್ಮಾಯಿನೆನ್. ನಮ್ಮ ಚೌಗುಲೆ ಹತ್ತೊಂಬತ್ತನೆಯವನಾಗಿ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದ. ಭಾಗಿಸಿ ನೋಡಿ, ಕಿಲೋಮೀಟರಿಗೆ ಸರಿಯಾಗಿ ನಾಲ್ಕು ನಿಮಿಷ ಬರುತ್ತದೆ! ಕೈಗಡಿಯಾರ ದಾರಿ ಹೇಳುವ ಕಾಲ ಅದಲ್ಲ. ಜೊತೆಗೆ ಹೋಗಿದ್ದ ಇನ್ನೊಬ್ಬ ಮ್ಯಾರಥಾನ್ ಓಟಗಾರ ಸದಾಶಿವ ದಾತಾರ್ ಗುರಿ ಮುಟ್ಟಲಿಲ್ಲ. ಹಾಗಾಗಿ ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ ಬೆಳಗಾವಿಯವನು.

ಟಾಟಾ ಕಂಪನಿಯ ಬಾಂಬೆ ಹೌಸ್ ಇರುವುದೂ ಫೋರ್ಟಿನಲ್ಲೇ, 1924ರ ಕಟ್ಟಡ. 2018ರಿಂದ ಮುಂಬಯಿ ಮ್ಯಾರಥಾನಿಗೂ ಟಾಟಾ ಹೆಸರೇ. ಪ್ರತಿ ಜನವರಿ ಸಾವಿರಾರು ಜನ ಆ ಹೆಸರಿನ ಅಂಗಿ ತೊಟ್ಟು ಓಡುತ್ತಾರೆ. ಚೌಗುಲೆಯ ಹೆಸರು ಎಷ್ಟು ಜನಕ್ಕೆ ಗೊತ್ತು, ಹೇಳಿ? ನನಗೇ ಗೊತ್ತಿರಲಿಲ್ಲ, ಅದೂ ಅದೇ ಜಿಲ್ಲೆಯವನಾಗಿ.

ಸರಿ, ಓಟಕ್ಕೆ ಬರೋಣ. 2025ರ ಜನವರಿಯಲ್ಲಿ ಮತ್ತೆ ನಿಂತೆ. ಈ ಸಲ ಶಿಸ್ತು ಒಂದೇ: ಮೊದಲ ಹತ್ತು ಕಿಲೋಮೀಟರ್ ಏಳೂವರೆ ನಿಮಿಷದ ಲೆಕ್ಕದಲ್ಲಿ, ಯಾರು ಬೇಕಾದರೂ ಮುಂದೆ ಹೋಗಲಿ. ಹೇಳುವುದು ಸುಲಭ ಸ್ವಾಮಿ! ಸೀ ಲಿಂಕಿನ ಮೇಲೆ ತಂಪು ಗಾಳಿ, ಕಾಲಿನಲ್ಲಿ ಹುರುಪು, ಪಕ್ಕದಲ್ಲಿ ನನಗಿಂತ ಹಿರಿಯರು ದಾಟಿಕೊಂಡು ಹೋಗುತ್ತಿದ್ದಾರೆ. ಹಲವು ವರ್ಷ ಸಣ್ಣ ಓಟ ಓಡಿದವನಿಗೆ ಅತಿ ಕಷ್ಟದ ಕೆಲಸ ಇದೇ, ಶಕ್ತಿ ಇದ್ದಾಗ ಬಳಸದೆ ಇರುವುದು. ಹತ್ತು ಕಿಲೋಮೀಟರಿಗೆ 75 ನಿಮಿಷ. ಪೆಡ್ಡರ್ ರೋಡಿನ ಏರಿನಲ್ಲಿ ಹೆಜ್ಜೆ ಗಿಡ್ಡ ಮಾಡಿಕೊಂಡೆ, ಆದರೆ ನಿಲ್ಲಲಿಲ್ಲ. ಕೆಂಪ್ಸ್ ಕಾರ್ನರ್ ಇಳಿದ ಮೇಲೆ ಒಬ್ಬೊಬ್ಬರಾಗಿ ಹಿಂದೆ ಬೀಳತೊಡಗಿದರು. ನಡೆಯುತ್ತಿದ್ದವರಲ್ಲಿ ಹೋದ ವರ್ಷದ ನನ್ನನ್ನೇ ಕಂಡೆ.

ಮರೀನ್ ಡ್ರೈವ್ ಮುಗಿದು ಚರ್ಚ್‌ಗೇಟಿನಲ್ಲಿ ತಿರುಗಿದರೆ ವೀರ್ ನರಿಮನ್ ರಸ್ತೆ. ಅದರ ಹಳೆಯ ಹೆಸರು ಚರ್ಚ್‌ಗೇಟ್ ಸ್ಟ್ರೀಟ್. ಕೋಟೆಗೆ ಅಲ್ಲೊಂದು ಬಾಗಿಲಿತ್ತು. ಇಗರ್ಜಿಗೆ ಹೋಗುವ ಬಾಗಿಲಾದ್ದರಿಂದ ಚರ್ಚ್ ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಗೋಡೆ ಕೆಡವಿಸಿದ. ಬಾಗಿಲಿದ್ದ ಜಾಗದಲ್ಲೇ ಫ್ಲೋರಾ ಫೌಂಟನ್ ಎದ್ದಿತು. ಅಂದರೆ ನಾವು ಓಟಗಾರರು ಕೊನೆಯ ಕಿಲೋಮೀಟರಿನಲ್ಲಿ ಕೋಟೆಯೊಳಗೆ ಕಾಲಿಡುತ್ತೇವೆ, ನೇರ ಎದುರಿಗೆ ಸೊನ್ನೆ ಮೈಲಿಯ ಇಗರ್ಜಿ. ಅಷ್ಟರಲ್ಲಿ ದಾರಿ ಎಡಕ್ಕೆ, ವಿಟಿಯ ಕಡೆಗೆ ತಿರುಗುತ್ತದೆ. ನಾನು ಮೂವತ್ತು ವರ್ಷ ಸಂಜೆ ಹೊತ್ತು ಲೋಕಲ್ ಹಿಡಿಯಲು ಓಡಿದ ದಿಕ್ಕಿಗೇ!

2 ಗಂಟೆ 36 ನಿಮಿಷ. ಎರಡನೇ ಭಾಗ ಮೊದಲನೆಯದಕ್ಕಿಂತ ವೇಗವಾಗಿತ್ತು, ಕಿಲೋಮೀಟರಿಗೆ 7 ನಿಮಿಷ 18 ಸೆಕೆಂಡ್.

ಪದಕ ಕೊರಳಲ್ಲಿ ಹಾಕಿಕೊಂಡೇ ಇಗರ್ಜಿಯವರೆಗೆ ನಡೆದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತೆ. ಆ ಮೈಲಿಗಲ್ಲುಗಳ ವಿಷಯ ನೆನಪಾಯಿತು. ಹೊರಗೆ ಹೋಗುವವನಿಗೆ ಅವು ಎಷ್ಟು ದೂರ ಬಂದೆ ಎಂದು ಹೇಳುತ್ತವೆ, ಒಳಗೆ ಬರುವವನಿಗೆ ಇನ್ನೆಷ್ಟು ಉಳಿದಿದೆ ಎಂದು. ಊರು ಬಿಟ್ಟು ಬಂದ ನಾವೆಲ್ಲ ‘ಐದು ವರ್ಷ’ದ ಸಣ್ಣ ಓಟ ಅಂತಲೇ ಶುರು ಮಾಡಿದವರು. ಊರಿಂದ ಎಷ್ಟು ದೂರ ಬಂದೆವು ಎಂದು ಎಣಿಸಿದೆವೇ ಹೊರತು ಇನ್ನೆಷ್ಟಿದೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ನನ್ನ ಗೆಳೆಯನ ಹತ್ತಿರ ಶಕ್ತಿಗೆ ಕೊರತೆ ಇರಲಿಲ್ಲ. ಓಟ ಉದ್ದದ್ದು ಅಂತ ಅವನಿಗೆ ಯಾರೂ ಹೇಳಲಿಲ್ಲ, ಅಷ್ಟೇ. ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ನಾನೂ ಹೇಳಲಿಲ್ಲ.

ಕಾಲು ನೋಯುತ್ತಿತ್ತು. ಎದ್ದು ವಿಟಿಗೆ ಹೊರಟೆ. ಈ ಸಲ ಹನ್ನೆರಡು ನಿಮಿಷ ಅಲ್ಲ, ಇಪ್ಪತ್ತು ಹಿಡಿಯಿತು. ಲೋಕಲ್ ಒಂದು ತಪ್ಪಿತು. ಇನ್ನೊಂದು ಬಂತು.