ಯಾರ ಮನೆ ಪಕ್ಕ ಯಾರ ಮನೆ

ಬೇಸಿಗೆಯ ಕೊನೆಗೆ ಭದ್ರೆಯ ಹಿನ್ನೀರು ಇಳಿಯಿತೆಂದರೆ ಅವ್ವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅಕ್ಕಿರೊಟ್ಟಿ, ಚಟ್ನಿಪುಡಿ ಗಂಟು ಕಟ್ಟಿಕೊಂಡು, "ಒಂದಿನ ತವರಿಗೆ ಹೋಗ್ಬರ್ತೀನಿ" ಎಂದು ಅಪ್ಪನಿಗೆ ಹೇಳಿ, ನನ್ನ ಕೈ ಹಿಡಿದು ಹೊರಡುತ್ತಿದ್ದಳು. ತವರೆಂದರೆ ಬಿರುಕು ಬಿಟ್ಟ ಕೆಸರು. ಕೆಸರಿನ ಮೇಲೆ ಗದ್ದೆಬದುಗಳ ಗುರುತು ಬೆನ್ನುಮೂಳೆಯ ಹಾಗೆ ಎದ್ದಿರುತ್ತಿತ್ತು. ಒಂದು ಕಡೆ ಬಾವಿಕಟ್ಟೆಯ ಕಲ್ಲು, ಇನ್ನೊಂದು ಕಡೆ ಮಗುಚಿ ಬಿದ್ದ ಒರಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕಲ್ಲುಸಾಲಿನ ಮೇಲೆ ನಿಲ್ಲುತ್ತಿದ್ದಳು. "ಇದು ನಮ್ಮನೆ ಜಗಲಿ ಕಣೇ. ಎಡಕ್ಕೆ ಕಮ್ಮಾರರ ಮನೆ. ಅದರಾಚೆ ಬಾಣಂತನ ಮಾಡೋ ಅಜ್ಜಿ. ಬಲಕ್ಕೆ ದೊಡ್ಡಪ್ಪ." ಕೈ ತೋರಿದ ಕಡೆಯೆಲ್ಲ ಬಯಲು. ಆದರೂ ಪ್ರತಿ ವರ್ಷ ಅದೇ ಕ್ರಮದಲ್ಲಿ ಹೇಳುತ್ತಿದ್ದಳು, ಒಂದು ಮನೆಯೂ ತಪ್ಪುತ್ತಿರಲಿಲ್ಲ.

ಲಕ್ಕವಳ್ಳಿಯವಳು ನಾನು. ಇದೇ ಹೋಬಳಿಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದೆ. ಊರಿನ ಚರಿತ್ರೆ ಕೇಳಿ ಬರುವವರಿಗೆ ಹಿರಿಯರು ರತ್ನಪುರಿಯ ಕತೆ ಹೇಳುತ್ತಾರೆ, ಹೊಳೆದಂಡೆಯ ಹಳೇ ಪಟ್ಟಣದ ಕತೆ. ನಾನು ಹೇಳುವುದು ಇತ್ತೀಚಿನ ಎಪ್ಪತ್ತು ವರ್ಷಗಳ ಮಾತು. ಈ ಒಂದು ಹೋಬಳಿಯ ಸುತ್ತಲೇ ಜನ ಎರಡು ಸಲ ಊರು ಬಿಟ್ಟರು. ಮೊದಲ ಸಲ ಅವರನ್ನು ಯಾರೂ ಏನೂ ಕೇಳಲಿಲ್ಲ. ಎರಡನೇ ಸಲ ಕೇಳಿದರು. ಎರಡರ ಅಂತರವನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಗೆ ಇಲ್ಲಿ ಅಣೆಕಟ್ಟಿನ ಕೆಲಸ ಶುರುವಾದದ್ದು 1947ರಲ್ಲಿ, ಮುಗಿದದ್ದು 1965ರಲ್ಲಿ. 186 ಅಡಿಗೆ ಭರ್ತಿ. ಹಿಡಿಯುವ ನೀರು 71.5 ಟಿಎಂಸಿ. ಮಳೆಗಾಲದಲ್ಲಿ ನಮ್ಮೂರಿನ ಚಹಾದಂಗಡಿಗಳಲ್ಲಿ ಮೊದಲ ಮಾತೇ "ಇವತ್ತು ಎಷ್ಟು ಅಡಿ?" ಎಡದಂಡೆ, ಬಲದಂಡೆ ನಾಲೆಗಳು ಭದ್ರಾವತಿ, ದಾವಣಗೆರೆ, ಹರಿಹರದ ಬಯಲಿಗೆ ಭತ್ತ ಕೊಟ್ಟವು, ಕಬ್ಬು ಕೊಟ್ಟವು, ಅಡಿಕೆ ಕೊಟ್ಟವು. ಆ ಅನ್ನವನ್ನು ನಾನೂ ಉಂಡಿದ್ದೇನೆ, ಅಣೆಕಟ್ಟನ್ನು ಬೈಯಲಾರೆ. ಆದರೆ ನೂರು ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದ ನೀರಿನ ಅಡಿಗೆ ನಮ್ಮ ಕಡೆಯ, ನರಸಿಂಹರಾಜಪುರದ ಕಡೆಯ ಊರುಗಳು ಹೋದವು. ಅವ್ವನ ಊರು ಅದರಲ್ಲಿ ಒಂದು.

ಆಗ ನಡೆಯುತ್ತಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಭೂಮಿಗೆ ಬೆಲೆ ಕಟ್ಟಿ ದುಡ್ಡು ಕೊಡಬೇಕೆಂದು ಅದರಲ್ಲಿತ್ತು. ಮನೆ ಕಳೆದುಕೊಂಡವನನ್ನು ಎಲ್ಲಿ ನೆಲೆ ನಿಲ್ಲಿಸಬೇಕು, ಯಾರ ಜೊತೆ ನಿಲ್ಲಿಸಬೇಕು ಎಂಬುದು ಅದರಲ್ಲಿರಲಿಲ್ಲ. ಅಜ್ಜನ ಕೈಗೆ ದುಡ್ಡು ಬಂತು. ಅದು ಎಷ್ಟೆಂದು ಅವ್ವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಗೊತ್ತಿದ್ದದ್ದು ಇಷ್ಟೇ: ಕಮ್ಮಾರರು ಭದ್ರಾವತಿಯ ಕಡೆ ಹೋದರು, ದೊಡ್ಡಪ್ಪ ತರೀಕೆರೆಯ ಬಯಲಿಗೆ, ಬಾಣಂತನದ ಅಜ್ಜಿ ಯಾವುದೋ ಮಗಳ ಮನೆಗೆ. ನಾನು ಹುಟ್ಟುವಾಗ ಅವ್ವ ಆ ಅಜ್ಜಿಯನ್ನೇ ಹುಡುಕಿಸಿದಳಂತೆ. ಸಿಗಲಿಲ್ಲ.

ಇದಕ್ಕಿಂತ ಹೆಚ್ಚು ನನ್ನ ಮನಸ್ಸನ್ನು ಕೊರೆಯುವುದು ಇನ್ನೊಂದಿದೆ. ಅದೇ ಕಾಲಕ್ಕೆ ಹೊಳೆಯಾಚೆ ಬಿ.ಆರ್.ಪಿ. ಎಂಬಲ್ಲಿ ಅಣೆಕಟ್ಟು ಕಟ್ಟಲು ಬಂದವರಿಗೆ ಕಾಲೊನಿ ಎದ್ದಿತು. ಕ್ವಾರ್ಟರ್ಸುಗಳ ಸಾಲು, ರಸ್ತೆ, ಆಸ್ಪತ್ರೆ, ಶಾಲೆ, ಎಲ್ಲಕ್ಕೂ ನಕ್ಷೆ ಇತ್ತು. ಬರುವವರು ಹೇಗೆ ಬಾಳಬೇಕೆಂದು ಎಂಜಿನಿಯರುಗಳು ಕೂತು ಯೋಚಿಸಿದ್ದರು. ಹೋಗುವವರಿಗಾಗಿ ಯಾರೂ ಒಂದು ಗೆರೆ ಎಳೆದಿರಲಿಲ್ಲ. ಯಾರದೋ ಕೆಟ್ಟತನದಿಂದ ಹೀಗಾಯಿತೆಂದು ನನಗೆ ಅನ್ನಿಸುವುದಿಲ್ಲ. ಊರೆಂದರೆ ಸರ್ವೆ ನಂಬರುಗಳ ಮೊತ್ತ ಎಂದು ಆಗ ತಿಳಿದಿದ್ದರು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿ ನಿಂತಾಗ ಅಲ್ಲಿನವರ ಪಾಡೂ ಇದೇ ಆಯಿತು, ಅವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ನಮ್ಮ ಹಿರಿಯರು ಊರನ್ನು ಹಾಗೆ ತಿಳಿದಿರಲಿಲ್ಲ. ಬಯಲುಸೀಮೆಯಲ್ಲಿ ಊರು ಕಟ್ಟುವಾಗ ಮೊದಲು ಕರುವುಗಲ್ಲು ನೆಡುತ್ತಿದ್ದರು. ಅದನ್ನು ನಡುವಿಟ್ಟುಕೊಂಡೇ ಯಾರ ಮನೆ ಎಲ್ಲಿ, ದನ ಹೋಗುವ ದಾರಿ ಯಾವುದು ಎಂದು ಮಾತಾಗುತ್ತಿತ್ತು. ನಮ್ಮ ಮಲೆನಾಡಿನ ಅಂಚಿನಲ್ಲಿ ಚೌಡಿಯ ಕಲ್ಲು, ಬನ, ಊರ ಬಾಗಿಲು ಇವೇ ಗುರುತು. ಆ ಮಾತಿನಲ್ಲಿ ಎಲ್ಲ ಜಾತಿಯವರಿಗೂ ಒಂದೇ ಬಾಯಿ ಇರಲಿಲ್ಲ. ಕೇರಿಯವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಹಳೆಯದನ್ನೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಊರು ಕಟ್ಟುವುದಕ್ಕೆ ಮಾತು ಬೇಕು ಎಂಬ ತಿಳಿವಳಿಕೆಯಂತೂ ಅವರಿಗಿತ್ತು.

ಎರಡನೇ ಕತೆ ಕಾಡಿನದು. 1951ರಲ್ಲಿ ಜಾಗರ ಕಣಿವೆಯನ್ನು ಸರ್ಕಾರ ಮೃಗಧಾಮ ಮಾಡಿತು. 1974ರಲ್ಲಿ ಅದನ್ನು ಲಕ್ಕವಳ್ಳಿಯ ಕಾಡಿನವರೆಗೆ ಹಿಗ್ಗಿಸಿ, 492 ಚದರ ಕಿಲೋಮೀಟರಿನ ಭದ್ರಾ ಅಭಯಾರಣ್ಯ ಎಂದು ಹೆಸರಿಟ್ಟರು. ಒಳಗೆ ಹಿಪ್ಲ, ಮಡ್ಲ, ಕೆಸವೆ ಮುಂತಾದ ಊರುಗಳಿದ್ದವು. ಕಣಿವೆಯಲ್ಲಿ ಗದ್ದೆ, ಮೇಲೆ ಒಂದಿಷ್ಟು ಕಾಫಿ, ಅಡಿಕೆ. ಕರೆಂಟಿಲ್ಲ. ಮಳೆ ಹಿಡಿದರೆ ದಾರಿಯೂ ಇಲ್ಲ. ಆನೆ ಬಂದರೆ ಒಂದು ರಾತ್ರಿಗೆ ಒಂದು ವರ್ಷದ ಅನ್ನ ಹೋಯಿತು. ಇವರನ್ನು ಹೊರಗೆ ತರುವ ಮಾತು ಎಪ್ಪತ್ತರ ದಶಕದಲ್ಲೇ ಎದ್ದು ಕಾಗದದಲ್ಲೇ ಉಳಿಯಿತು. ಇವತ್ತೋ ನಾಳೆಯೋ ಏಳಿಸುತ್ತಾರೆಂದು ಮನೆಗೆ ಹೊಸ ಹೆಂಚು ಹಾಕಿಸಲಿಲ್ಲ, ತೋಟಕ್ಕೆ ಗಿಡ ನೆಡಲಿಲ್ಲ, "ಆ ಕಾಡೂರಿಗೆ ಹೆಣ್ಣು ಕೊಡೋದು ಹೇಗೆ" ಎಂದು ಬೀಗರು ಹಿಂದೆಗೆದರು. ಕೊನೆಗೆ ಊರಿನವರೇ, ಸ್ಥಳಾಂತರ ಮಾಡುವುದಾದರೆ ಮಾಡಿ ಎಂದು ಅರ್ಜಿ ಹಿಡಿದು ನಿಂತರು.

1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು, ಕೇಂದ್ರದ ಹಣದ ದಾರಿ ತೆರೆಯಿತು. ಆ ಹೊತ್ತಿಗೆ ಅರಣ್ಯಾಧಿಕಾರಿಯಾಗಿದ್ದ ಯತೀಶ್ ಕುಮಾರ್, ಚಿಕ್ಕಮಗಳೂರಿನ ವನ್ಯಜೀವಿ ಕಾರ್ಯಕರ್ತ ಡಿ.ವಿ. ಗಿರೀಶ್ ಮತ್ತು ಅವರ ಗೆಳೆಯರು ಕಾಡಿನ ಮನೆಮನೆಗೆ ಓಡಾಡಿದರು. 2001-02ರ ಹೊತ್ತಿಗೆ 419 ಕುಟುಂಬಗಳು ಹೊರಗೆ ಬಂದವು. ಹೆಚ್ಚಿನವರು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ.ಹಳ್ಳಿಗೆ ಬಂದರು, ಕಾಫಿಯನ್ನೇ ನಂಬಿದ್ದ ಕೆಲವರು ಮೂಡಿಗೆರೆ ಕಡೆಯ ಕೆಳಗೂರಿಗೆ ಹೋದರು. ದುಡ್ಡು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಭೂಮಿಗೆ ಭೂಮಿ, ಮನೆಗೆ ಜಾಗ, ರಸ್ತೆ, ಕರೆಂಟು, ಶಾಲೆ ಎಲ್ಲ ಆಯಿತು. ಒಬ್ಬ ವಿದ್ಯಾರ್ಥಿಯ ತಂದೆ ನನಗೆ ಹೇಳಿದ್ದನ್ನು ಮರೆಯಲಾರೆ: "ಒಪ್ಪೋಕೆ ಮುಂಚೆ ನಾವು ಬಂದು ಮಣ್ಣು ನೋಡಿದ್ವಿ ಟೀಚರೇ. ಮುಷ್ಟಿಲಿ ಹಿಡಿದು ಹಿಂಡಿ ನೋಡಿದ್ವಿ. ಈ ಕಡೆ ಭತ್ತ ಆಗುತ್ತೆ, ಆ ಕಡೆ ಆಗಲ್ಲ ಅಂತ ಅಲ್ಲೇ ಹೇಳಿದ್ವಿ."

ಹಳೇ ಮನೆಯ ತೊಲೆ, ಬಾಗಿಲು, ಹೆಂಚು ಬಿಚ್ಚಿ ಲಾರಿಗೆ ಹೇರಿಕೊಂಡು ಬಂದರು. ಚೌಡಿಯ ಕಲ್ಲನ್ನು ಗೋಣಿಯಲ್ಲಿ ಸುತ್ತಿ, ಮಡಿಲ ಮೇಲಿಟ್ಟುಕೊಂಡು ಬಂದ ಮುದುಕರೊಬ್ಬರು ಆ ದಿನ ಊಟವನ್ನೇ ಮಾಡಿರಲಿಲ್ಲವಂತೆ.

ಆ ವರ್ಷ ನಮ್ಮ ಶಾಲೆಗೆ ಹೊಸ ಮಕ್ಕಳು ಬಂದರು. ಬಸ್ಸಿನ ಹಾರನ್ನಿಗೆ ಬೆಚ್ಚುತ್ತಿದ್ದ, ಹಕ್ಕಿ ಕೂಗಿದರೆ ತಲೆಯೆತ್ತದೆಯೇ ಹೆಸರು ಹೇಳುತ್ತಿದ್ದ ಮಕ್ಕಳು. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ "ನಿಮ್ಮ ಊರಿನ ಚಿತ್ರ ಬರೀರಿ" ಎಂದೆ. ಒಬ್ಬ ಹುಡುಗಿ ಸ್ಲೇಟಿನ ಮೇಲೆ ಮೊದಲು ಹಳ್ಳ ಬರೆದಳು, ಅದರ ಪಕ್ಕ ಒಂದು ಮನೆ, ದೂರದಲ್ಲಿ ಇನ್ನೊಂದು ಮನೆ. ಸ್ಲೇಟು ತಿರುಗಿಸಿದಳು. ಹಿಂದುಗಡೆ ಸ್ಕೇಲಿಟ್ಟು ನೇರ ಗೆರೆ ಎಳೆದು, ಅದರ ಮೇಲೆ ಒತ್ತೊತ್ತಾಗಿ ಮನೆಗಳನ್ನು ಕೂರಿಸಿದಳು. "ಇದು ಯಾರ ಮನೆ?" ಎಂದೆ. ಹೇಳಿದಳು. ಮುಂದಿನ ಬದಿಯಲ್ಲಿದ್ದ ಹೆಸರುಗಳೇ ಹಿಂದಿನ ಬದಿಯಲ್ಲೂ ಇದ್ದವು. ಹಳ್ಳ ಹೋಗಿತ್ತು, ಅಂತರ ಹೋಗಿತ್ತು, ನೆರೆಹೊರೆ ಉಳಿದಿತ್ತು. ಸ್ಲೇಟನ್ನು ಮನೆಗೆ ತಂದು ಅವ್ವನಿಗೆ ತೋರಿಸಿದೆ. ಅವಳು ಕನ್ನಡಕ ಹುಡುಕಿ, ಬೆರಳಿಟ್ಟು ಒಂದೊಂದೇ ಮನೆ ಕೇಳಿದಳು.

ಮಾರನೇ ವಾರ ಅವ್ವನನ್ನು ಎಂ.ಸಿ.ಹಳ್ಳಿಗೆ ಕರೆದುಕೊಂಡು ಹೋದೆ. ಆ ಹುಡುಗಿಯ ತಾಯಿ ಕಾಲಿಗೆ ನೀರು ಕೊಟ್ಟು, ಜಗಲಿಯಲ್ಲಿ ಕೂರಿಸಿ ಕಾಫಿ ತಂದಳು. ಅವ್ವ ಲೋಟ ಕೆಳಗಿಟ್ಟು, "ಪಕ್ಕದ ಮನೇಲಿ ಯಾರವ್ವಾ?" ಎಂದಳು. "ಅಲ್ಲೂ ಇವರೇ ಅಜ್ಜಿ, ಇಲ್ಲೂ ಇವರೇ. ಅಲ್ಲಿ ಕೂಗು ಹಾಕಿದ್ರೆ ಕೇಳಿಸ್ತಿತ್ತು, ಇಲ್ಲಿ ಪಿಸುಗುಟ್ಟಿದ್ರೂ ಕೇಳುತ್ತೆ." ಅವ್ವ ಮತ್ತೆ ಲೋಟ ಎತ್ತಲಿಲ್ಲ. ಕಾಫಿ ಕೆನೆಗಟ್ಟಿತು. ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಆಡಿದಳು: "ನಮ್ಮನ್ನೂ ಹಿಂಗೆ ಒಟ್ಟಿಗೆ ಕೂರಿಸಬೋದಿತ್ತು."

ಎಂ.ಸಿ.ಹಳ್ಳಿಯಲ್ಲಿ ಎಲ್ಲವೂ ಸುಖವಾಗಿ ನಡೆಯಿತೆಂದು ನಾನು ಬರೆದರೆ ಅಲ್ಲಿನವರೇ ನನ್ನನ್ನು ತಡೆಯುತ್ತಾರೆ. ಹಳ್ಳದ ನೀರು ಕುಡಿದವರಿಗೆ ಬೋರ್‌ವೆಲ್ ನೀರು ಒಗ್ಗಲಿಲ್ಲ, ಮುದುಕರಿಗೆ ಬಯಲಿನ ಬಿಸಿಲು ಹತ್ತಲಿಲ್ಲ. ಒಂಟಿಮನೆಗಳ ಜನ ಸಾಲುಮನೆಗೆ ಬಂದು ಕೋಳಿಗಾಗಿ, ಕೊಟ್ಟಿಗೆ ನೀರಿಗಾಗಿ ಜಗಳವಾಡಿದರು. ಅದೇ ತಾಯಿ ಇನ್ನೊಂದು ಮಾತೂ ಹೇಳಿದಳು: "ಕೇಳಿದ್ದೇನೋ ಕೇಳಿದ್ರು ಟೀಚರೇ. ನಮ್ಮೆಜಮಾನ್ರನ್ನ ಕೇಳಿದ್ರು. ಅವರು ಗದ್ದೆ ವಿಷಯ ಹೇಳಿದ್ರು. ನನ್ನ ಕೇಳಿದ್ರೆ ಬಚ್ಚಲು ಎಲ್ಲಿರಬೇಕು, ಸೌದೆ ಎಲ್ಲಿಂದ ತರಬೇಕು ಅಂತ ಹೇಳ್ತಿದ್ದೆ." ಕೇಳುವುದೆಂದರೆ ಮನೆಯ ಯಾರನ್ನು ಕೇಳುವುದು ಎಂಬ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ. ಸಂಶೋಧಕಿ ಕೃತಿ ಕಾರಂತ್ 2002ರಲ್ಲಿ ಈ ಕುಟುಂಬಗಳನ್ನು ಮಾತಾಡಿಸಿ, 2006ರಲ್ಲಿ ಮತ್ತೆ ಬಂದು ಹೇಗಿದ್ದೀರಿ ಎಂದು ವಿಚಾರಿಸಿದರು. ಜನ ನೆಲೆ ನಿಂತ ಮೇಲೂ ಬಂದು ಕೇಳಿದ ಆ ಎರಡನೇ ಭೇಟಿಯನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ. ಅವ್ವನ ಊರಿನವರು ಎಲ್ಲೆಲ್ಲಿ ಹೋಗಿ ಏನಾದರೆಂದು ಕೇಳಿಕೊಂಡು ಯಾರೂ ಬರಲಿಲ್ಲ.

ಅವ್ವನ ಊರು ಮುಳುಗಿದ ಮೇಲೆ ಕಾಯ್ದೆಗಳೂ ಬದಲಾದವು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆ ಇದೆ, ಆಮೇಲೆ ವಾರ್ಡ್ ಸಭೆಯೂ ಸೇರಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 1894ರ ಕಾಯ್ದೆಯ ಜಾಗಕ್ಕೆ 2013ರಲ್ಲಿ ಬಂದ ಕಾಯ್ದೆಯಲ್ಲಿ ಪುನರ್ವಸತಿ ಎಂಬ ಮಾತು ಹೆಸರಿನಲ್ಲೇ ಇದೆ. ಅವ್ವನ ಕಾಲಕ್ಕೆ ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನಮ್ಮೂರಿಗೇ ಯೋಜನೆಯ ಸರದಿ. ನೀರು ಇಳಿದಾಗ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಅವನ್ನು ನೋಡಲು, ಸಫಾರಿಗೆ, ಅಣೆಕಟ್ಟಿಗೆ ಎಂದು ಕಾರುಗಳು ಬರುತ್ತವೆ. ಬಯಲುಸೀಮೆಯ ಮಕ್ಕಳು ಹಿನ್ನೀರು ಕಂಡು "ಸಮುದ್ರ!" ಎಂದು ಕೂಗುತ್ತಾರೆ. ಕಾರು ನಿಲ್ಲಿಸಲು ಜಾಗ ಬೇಕು, ಅಂಗಡಿ ಬೇಕು, ಶೌಚಾಲಯ ಬೇಕು. ನಮ್ಮ ಹುಡುಗರಿಗೆ ಅದರಿಂದ ಕೆಲಸ ಸಿಗುತ್ತದೆ, ಆಗಬೇಕಾದದ್ದೇ. ಈ ಮಾತಿಗೆ ನಮ್ಮ ಬೀದಿಯವರು ಒಂದು ಸಂಜೆ ಶಾಲೆಯಲ್ಲಿ ಸೇರಿದೆವು. ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಎದ್ದು ಹೋಗಿ ಅವರನ್ನು ಮೇಜಿನ ಹತ್ತಿರ ಕರೆದುಕೊಂಡು ಬಂದೆ.

ಮೇಜಿನ ಮೇಲೆ ಒಂದು ಹಳೆಯ ನಕ್ಷೆ ಇತ್ತು. ನೀರಿನ ಕಡೆಯ ಮೈದಾನದ ಮೇಲೆ "ಖಾಲಿ ಜಾಗ" ಎಂದು ಬರೆದಿತ್ತು. ಒಬ್ಬಾಕೆ ಬೆರಳಿಟ್ಟು, "ಖಾಲಿ ಯಾಕೆ? ಸುಗ್ಗೀಲಿ ಇಲ್ಲೇ ಅಡಿಕೆ ಹರವೋದು" ಎಂದಳು. ಬರೆಯಲು ಕೂತಿದ್ದ ಹುಡುಗ ಬರೆದುಕೊಂಡ. ಇನ್ನೊಬ್ಬಾಕೆ, ಸಂಜೆ ದನ ನಿಲ್ಲುವುದು ಇಲ್ಲೇ ಎಂದಳು. ಮಾರಿಜಾತ್ರೆಯಲ್ಲಿ ಅಡುಗೆಯ ಒಲೆ ಹೂಡುವುದು ಇಲ್ಲೇ. ಶಾಮಿಯಾನ ಹಾಕಿ ಹೆಣ್ಣು ಧಾರೆಯೆರೆಯುವುದು ಇಲ್ಲೇ. ಸೈಕಲ್ ಕಲಿಯುವುದು, ಹಪ್ಪಳ ಒಣಗಿಸುವುದು, ಮೀನಿನ ಬಲೆ ಹರವಿ ಹೊಲಿಯುವುದು. ನಾನು ಅವ್ವನ ಮಾತು ನೆನೆದು, ಅಂಚಿನ ಮನೆಗಳು ಯಾರುಯಾರವು, ಯಾರ ಪಕ್ಕ ಯಾರು ಎಂದು ಕ್ರಮವಾಗಿ ಬರೆಸಿದೆ. ಹಾಳೆ ತುಂಬಿತು. ಹುಡುಗ ಅದನ್ನು ಮಗುಚಿ, ಪೆನ್ನು ಕೊಡವಿ, ಹಿಂದೆ ನಿಂತಿದ್ದ ಮುದುಕಿಯ ಕಡೆ ತಿರುಗಿ, "ಹೇಳಜ್ಜಿ" ಎಂದ.