ಮರಕ್ಕೆ ಸಸಿ ಸಮವೆ?

ಹಳೆಯ ಶಾಸನಗಳ ಕೊನೆಯ ಸಾಲುಗಳನ್ನು ತರಗತಿಯಲ್ಲಿ ಓದಿಸುವಾಗ ಹುಡುಗರು ನನ್ನನ್ನು ಒಂದು ಪ್ರಶ್ನೆ ಕೇಳುವುದುಂಟು. ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯನ್ನೂ ಸಾವಿರ ಕವಿಲೆಗಳನ್ನೂ ಅಳಿದ ಪಾಪ ತಟ್ಟಲಿ ಎಂಬ ಶಾಪವೇನೋ ಸರಿ; ಕೆಲವು ಶಾಸನಗಳಲ್ಲಿ ಅವುಗಳ ಜೊತೆಗೆ ಕೆರೆಯೂ ‘ಆರವೆ’ಯೂ ಬರುವುದೇಕೆ? ಆರವೆಯೆಂದರೆ ತೋಪು. ಅದು ಊರಿಗೆಲ್ಲ ಸೇರಿದ ನೆರಳು. ಆದುದರಿಂದ ಅದನ್ನು ಕಡಿದವನೂ ಪಾಪಿಯೇ ಎಂದು ನಾನು ಉತ್ತರ ಹೇಳುತ್ತೇನೆ. ಆದರೆ ಕಡಿಯುವವನು “ಒಂದಕ್ಕೆ ಒಂದು ಸಸಿ ನೆಟ್ಟುಕೊಡುತ್ತೇನಲ್ಲ!” ಎಂದರೆ ಏನು ಹೇಳಬೇಕು? ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಇದೇ ಮಾತಿನ ಮೇಲೆ ನಗರಸಭೆಗೂ ನಿವಾಸಿಗಳಿಗೂ ವರ್ಷಗಟ್ಟಲೆ ಜಗಳ ನಡೆಯಿತು.

ಷೆಫೀಲ್ಡ್ ಉಕ್ಕಿಗೂ ಚಾಕು ಕತ್ತರಿಗಳಿಗೂ ಹೆಸರಾದ ಊರು. ಅಲ್ಲಿ ರಸ್ತೆಬದಿಯಲ್ಲಿಯೇ ಸುಮಾರು 36,000 ಮರಗಳಿದ್ದವು. ರಸ್ತೆಗಳು ಮಾತ್ರ ಹಾಳಾಗಿದ್ದವು. 2012ರಲ್ಲಿ ನಗರಸಭೆಯು ರಸ್ತೆ, ಕಾಲುದಾರಿ, ಬೀದಿದೀಪ, ಮರ ಎಲ್ಲವನ್ನೂ 25 ವರ್ಷಗಳ ಮಟ್ಟಿಗೆ ಒಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿತು. ಗುತ್ತಿಗೆಯ ಮೊತ್ತ 200 ಕೋಟಿ ಪೌಂಡಿಗೂ ಮಿಕ್ಕದ್ದು. ಅದರೊಳಗೆ 17,500 ಮರಗಳನ್ನು ತೆಗೆದು ಸಸಿ ನೆಡುವ ಒಂದು ಅಂಕಿಯಿತ್ತು. ಆ ಅಂಕಿ ಜನರ ಕಣ್ಣಿಗೆ ಬಿದ್ದದ್ದು 2018ರಲ್ಲಿ, ಸಾವಿರಾರು ಮರಗಳು ಉರುಳಿದ ಮೇಲೆ.

ನಗರಸಭೆಯ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬೇರುಗಳು ಕಾಲುದಾರಿಯ ಕಲ್ಲುಗಳನ್ನು ಎಬ್ಬಿಸುತ್ತವೆ. ಗಾಲಿಕುರ್ಚಿಯವರಿಗೂ ಕಣ್ಣು ಕಾಣದವರಿಗೂ ಅದು ಅಪಾಯವೇ. ಮುದಿಮರಗಳೆಲ್ಲ ಒಟ್ಟಿಗೆ ಸಾಯುವುದಕ್ಕಿಂತ ಈಗಲೇ ಎಳೆಯವನ್ನು ನೆಡುವುದು ಒಳ್ಳೆಯದೆಂದೂ ಅವರು ಹೇಳಿದರು. ನಿವಾಸಿಗಳು ಕೇಳಿದ್ದೂ ಸರಳವಾದ ಪ್ರಶ್ನೆಯೇ: ಕಲ್ಲನ್ನು ಸರಿಪಡಿಸಿ ಮರವನ್ನು ಉಳಿಸಲಾಗದೆ?

ಇದನ್ನು ಪರಿಶೀಲಿಸಲು 2015ರಲ್ಲಿ ನಗರಸಭೆಯೇ ಒಂದು ಸ್ವತಂತ್ರ ಸಮಿತಿಯನ್ನು ನೇಮಿಸಿತು. ಮರಗಳನ್ನು ಉಳಿಸಿರೆಂದು ಆ ಸಮಿತಿ ಕೊಟ್ಟ ಸಲಹೆಗಳಲ್ಲಿ ಬಹುಪಾಲನ್ನು ತಾನೇ ಬದಿಗಿರಿಸಿತು. 2016ರ ನವೆಂಬರ್ 17ರಂದು, ಬೆಳಕು ಹರಿಯುವುದಕ್ಕೆ ಮೊದಲೇ, ರಸ್ಲಿಂಗ್ಸ್ ರೋಡ್ ಎಂಬ ಬೀದಿಗೆ ಪೊಲೀಸರೊಡನೆ ಮರ ಕಡಿಯುವವರು ಬಂದರು. ನಿದ್ದೆಯಲ್ಲಿದ್ದವರನ್ನು ಬಾಗಿಲು ತಟ್ಟಿ ಎಬ್ಬಿಸಿ, ಕಾರುಗಳನ್ನು ತೆಗೆಯಿರೆಂದರು. ಎಂಟು ಮರಗಳು ಉರುಳಿದವು. ಅಡ್ಡ ನಿಂತವರಲ್ಲಿ ಎಪ್ಪತ್ತು ದಾಟಿದ ಇಬ್ಬರು ಹೆಂಗಸರೂ ಬಂಧನಕ್ಕೊಳಗಾದರು. ಅವರ ಮೇಲೆ ಹೊರಿಸಿದ್ದು 1992ರ ಕಾರ್ಮಿಕ ಸಂಘಗಳ ಕಾಯಿದೆ! ಆ ನಗರಸಭೆಯಲ್ಲಿ ಅಧಿಕಾರದಲ್ಲಿದ್ದುದು ಲೇಬರ್ ಪಕ್ಷವೆಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಮುಂದೆ ಆ ಮೊಕದ್ದಮೆ ಬಿದ್ದುಹೋಯಿತು.

ವೆಸ್ಟರ್ನ್ ರೋಡಿನ ಮರಗಳ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಮೊದಲನೆಯ ಮಹಾಯುದ್ಧಕ್ಕೆ ಹೋದ ಅಲ್ಲಿನ ಶಾಲೆಯ ಹಳೆಯ ವಿದ್ಯಾರ್ಥಿಗಳ ನೆನಪಿಗೆ 1919ರಲ್ಲಿ ನೆಟ್ಟ ಮರಗಳವು. ಅವುಗಳಲ್ಲಿ ಹಲವನ್ನು ತೆಗೆದು ಸಸಿ ನೆಡುವ ನಿರ್ಣಯ 2017ರಲ್ಲಿ ಆಯಿತು. ಲೆಕ್ಕದ ಪುಸ್ತಕದಲ್ಲಿ ಹೋದದ್ದಕ್ಕೂ ಬಂದದ್ದಕ್ಕೂ ಸರಿಹೋಗುತ್ತದೆ. ಆದರೆ ಮಗನನ್ನು ಕಳೆದುಕೊಂಡ ತಾಯಿ ಆಗ ಕಂಡಿದ್ದ ಮರ ಅದಲ್ಲ.

2017ರಲ್ಲಿ ನಗರಸಭೆ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಅದನ್ನು ಮೀರಿದ ಕೆಲವರಿಗೆ ಸೆರೆವಾಸದ ಶಿಕ್ಷೆ ವಿಧಿಸಿ ಅಮಾನತಿನಲ್ಲಿಡಲಾಯಿತು. ಜನ ಮಾತ್ರ ಹಿಂದೆಗೆಯಲಿಲ್ಲ. 2018ರ ಮಾರ್ಚಿನಲ್ಲಿ ಕಡಿತ ನಿಂತಿತು. ಆ ವರ್ಷವೇ ಊರಿನ ಬಿಷಪ್ಪರನ್ನು ಮಧ್ಯೆ ಕೂರಿಸಿಕೊಂಡು ಎರಡು ಪಕ್ಷದವರೂ ಮಾತಿಗೆ ಕುಳಿತರು; ಬಳಿಕ ಒಟ್ಟಾಗಿ ಹೋಗಿ ಮರಗಳನ್ನು ನೋಡಿದರು. ತೆಗೆಯಲೇಬೇಕೆಂದು ಗುರುತು ಹಾಕಿದ್ದವುಗಳಲ್ಲಿ ಅನೇಕವನ್ನು ಅಂಚುಕಲ್ಲು ಸವರಿಯೋ ಡಾಂಬರು ಹೊಂದಿಸಿಯೋ ಉಳಿಸಬಹುದೆಂದು ಆಗ ಕಂಡಿತು. ಯುದ್ಧಸ್ಮಾರಕದ ಆ ಮರಗಳೂ ಉಳಿದವು.

2023ರಲ್ಲಿ ಸರ್ ಮಾರ್ಕ್ ಲೋಕಾಕ್ ಅವರ ವಿಚಾರಣಾ ವರದಿ ಹೊರಬಂದಿತು. ನಗರಸಭೆ ಜನರನ್ನು ಮಾತ್ರವಲ್ಲ, ನ್ಯಾಯಾಲಯವನ್ನೂ ದಾರಿತಪ್ಪಿಸಿತ್ತೆಂದು ಅದು ಹೇಳಿತು. ಅದೇ ವರ್ಷ ನಗರಸಭೆ ಕ್ಷಮೆ ಬೇಡಿತು. ಅಷ್ಟರಲ್ಲಿ ಸುಮಾರು 5,600 ಮರಗಳು ಹೋಗಿದ್ದವು.

ಈ ಕಥೆಯಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಮರಗಳ ಸಂಖ್ಯೆಯಲ್ಲ. ಸಸಿ ನೆಡುವುದು ಪುಣ್ಯದ ಕೆಲಸವೆಂದು ನಾವೆಲ್ಲ ನಂಬಿರುವುದರಿಂದ, ಆ ಹೆಸರಿನಲ್ಲಿ ಏನು ಮಾಡಿದರೂ ಪ್ರಶ್ನಿಸಲು ಹಿಂಜರಿಯುತ್ತೇವೆ. ಸಸಿ ಮುಂದಿನ ತಲೆಮಾರಿಗೆ ಕೊಡುವ ಮಾತು. ಮರ ಹಿಂದಿನವರು ನಡೆಸಿಕೊಟ್ಟ ಮಾತು. ಒಂದನ್ನು ಮುರಿದು ಇನ್ನೊಂದನ್ನು ಕೊಡುವವನು ಮೊದಲು ಆ ನೆರಳಿನಲ್ಲಿರುವವರನ್ನು ಕೇಳಬೇಕು, ಕೇಳುವಾಗ ನಿಜ ಹೇಳಬೇಕು. ಷೆಫೀಲ್ಡಿನಲ್ಲಿ ಕಡಿದ ಮರಗಳಿಗೆ ಬದಲು ನೆಟ್ಟ ಸಸಿಗಳೂ ಒಂದು ದಿನ ಬೆಳೆದಾವು. ಆದರೆ ಅಂದು ಬೆಳಗಿನ ಚಳಿಯಲ್ಲಿ ಮರಕ್ಕೆ ಅಡ್ಡ ನಿಂತ ಆ ಮುದುಕಿಯರು ಅವುಗಳ ನೆರಳಿನಲ್ಲಿ ಕುಳಿತುಕೊಳ್ಳಲಾರರು. ತರಗತಿಯಲ್ಲಿ ಇನ್ನೊಮ್ಮೆ ಆರವೆಯ ಮಾತು ಬಂದಾಗ ಹುಡುಗರಿಗೆ ಇದನ್ನೂ ಹೇಳಬೇಕೆಂದಿದ್ದೇನೆ.